ಎಂಟನೇ ಮನೆಯ ಖಾಲಿ ಚೌಕ

ಮಣಿಸರಾ ಪುನ್ ಬಾಗಿಲು ತೆರೆಯುವ ಮೊದಲು ಕಿಟಕಿಯ ಪರದೆಯನ್ನು ಎರಡು ಬೆರಳಷ್ಟು ಸರಿಸಿ ಹೊರಗೆ ನೋಡುತ್ತಿದ್ದಳು. ಎದುರು ಮನೆಯ ಹಾಚಿಯಾ ಅಜ್ಜಿಯೂ ತನ್ನ ಪರದೆಯನ್ನು ಎರಡು ಬೆರಳಷ್ಟು ಸರಿಸಿ ಇತ್ತ ನೋಡುತ್ತಿದ್ದಳು. ಒಬ್ಬಳಿಗೆ ಇಪ್ಪತ್ತೊಂದು, ಇನ್ನೊಬ್ಬಳಿಗೆ ಎಪ್ಪತ್ತೊಂಬತ್ತು. ನಗೋಯಾ ನಗರದ ತೆಂಕಣ ಭಾಗದ ಆ ಓಣಿಯಲ್ಲಿ ಹೀಗೆ ಒಬ್ಬರನ್ನೊಬ್ಬರು ಕಾಯುತ್ತಲೇ ಅಕ್ಟೋಬರ್ ತಿಂಗಳು ಕಳೆಯಿತು.

ಮಣಿಸರಾ ಜಪಾನಿಗೆ ಬಂದು ಆಗಲೇ ವರ್ಷ ತುಂಬಿತ್ತು. ಆದರೆ ಆ ಮೊದಲ ವರ್ಷವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಭಾಷಾ ಶಾಲೆಯ ಹಾಸ್ಟೆಲಿನಲ್ಲಿ ನಾಲ್ವರು ನೇಪಾಳಿ ಹುಡುಗಿಯರ ಜೊತೆ ಒಂದೇ ಕೋಣೆ. ಎದ್ದರೆ ನೇಪಾಳಿ, ಮಲಗಿದರೆ ನೇಪಾಳಿ, ನಡುವೆ ದಾಲ್‌ಭಾತ್. ಊಟದ ಡಬ್ಬಿ ತುಂಬುವ ಕಾರ್ಖಾನೆಯಲ್ಲೂ ಎಡಗಡೆ ನಿಲ್ಲುವವಳು ಪೋಖರಾದವಳು, ಬಲಗಡೆಯವಳು ಝಾಪಾದವಳು. ಬೆಲ್ಟಿನ ಮೇಲೆ ಸಾಗಿ ಬರುವ ಪ್ರತಿ ಡಬ್ಬಿಯ ಅನ್ನದ ನಡುವೆ ಒಂದು ಉಪ್ಪು ಹಾಕಿದ ಹುಳಿ ಹಣ್ಣು ಇಡುವುದು ಮಣಿಸರಾಳ ಕೆಲಸ. ಆ ಹಣ್ಣು ಅವಳ ಜೊತೆ ಜಪಾನಿ ಮಾತಾಡುತ್ತಿರಲಿಲ್ಲ. ಹಾಸ್ಟೆಲಿನ ಅವಧಿ ಮುಗಿದು ಒಂಟಿಯಾಗಿ ಈ ಓಣಿಯ ಎಂಟನೇ ಮನೆಗೆ ಬಂದ ದಿನವೇ ಅವಳು ನಿಜವಾಗಿ ಪರದೇಶಕ್ಕೆ ಕಾಲಿಟ್ಟದ್ದು.

ಮನೆಯೆಂದರೆ ಹಳೇ ಮರದ ಮನೆಯೊಂದರ ಹಿಂಭಾಗದ ಕೋಣೆ, ಅದಕ್ಕೊಂದು ಪ್ರತ್ಯೇಕ ಬಾಗಿಲು. ಬೆಳಿಗ್ಗೆ ನಾಲ್ಕೂಕಾಲಿಗೆ ಅವಳು ಸೈಕಲ್ ಏರಿ ಕಾರ್ಖಾನೆಗೆ ಹೊರಡಬೇಕು. ಬಾಗಿಲು ಹಳೆಯದು, ಎಷ್ಟು ನಯವಾಗಿ ಎಳೆದರೂ ಓಣಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು. ಕಿರುಗುಟ್ಟಿದ ಮರುಕ್ಷಣ ಎದುರಿನ ಪರದೆ ಅಲ್ಲಾಡುತ್ತಿತ್ತು. 'ಈ ಮುದುಕಿಗೆ ನಿದ್ದೆಯೇ ಇಲ್ಲವೇ? ಅಥವಾ ನನಗೋಸ್ಕರವೇ ಏಳುತ್ತಾಳೋ?' ಎಂದು ಮಣಿಸರಾ ಹೆದರುತ್ತಿದ್ದಳು.

ಹೆದರಿಕೆಗೆ ಕಾರಣವಿತ್ತು. ಜನವರಿಗೆ ಅವಳ ವೀಸಾ ಮುಗಿಯುವುದಿತ್ತು. ಭಾಷಾ ಶಾಲೆಯ ಮೇಡಂ ತರಗತಿಯಲ್ಲಿ ಬೆರಳೆತ್ತಿ ಹೇಳಿದ್ದಳು: "ಅರ್ಜಿ ಜೊತೆ ಶಾಲೆ ಪತ್ರ ಬೇಕು. ಹಾಜರಿ ಸರಿ ಇರಬೇಕು. ಅಕ್ಕಪಕ್ಕದವರು ದೂರು ಕೊಟ್ರೆ ನಾವು ಪತ್ರ ಕೊಡೋದು ಕಷ್ಟ. ಆಮೇಲೆ ಅತ್ತು ಪ್ರಯೋಜನ ಇಲ್ಲ."

ದೂರು ಎಂಬ ಮಾತು ಮಣಿಸರಾಳ ಕಿವಿಯಲ್ಲಿ ಕೂತುಬಿಟ್ಟಿತು. ದೂರು ಕೊಡುವವಳು ಹೇಗಿರುತ್ತಾಳೆ ಎಂದು ಅವಳು ಹುಡುಕುವ ಅಗತ್ಯವೂ ಇರಲಿಲ್ಲ, ಎದುರಿಗೇ ಇದ್ದಳಲ್ಲ. ದಿನಾ ಓಣಿ ಗುಡಿಸುವ ನೆಪದಲ್ಲಿ ಪೊರಕೆ ಹಿಡಿದು ನಿಲ್ಲುವುದು, ಕಂಡರೆ ಸೊಂಟ ಬಗ್ಗಿಸಿ ನಗುವುದು, ನಕ್ಕ ಮೇಲೂ ಕಣ್ಣು ಕೀಳದೆ ನೋಡುವುದು. ಏನೋ ಕೇಳುತ್ತಿದ್ದಳು ಕೂಡ. ಹಲ್ಲಿಲ್ಲದ ಬಾಯಿಯ ಆ ನಗೋಯಾ ಮಾತು ಮಣಿಸರಾಳಿಗೆ ಅರ್ಥವಾಗುತ್ತಿರಲಿಲ್ಲ. ಅವಳು ತಲೆ ಬಗ್ಗಿಸಿ, "ಹಾಯ್, ಹಾಯ್" ಎಂದು ಹೌದೆನ್ನುತ್ತ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ನಗುವವರನ್ನು ನಂಬಬೇಡ ಎಂದು ಅವಳಿಗೆ ಕಲಿಸಿದವನು ಟೇಕ್ ದಾಯಿ. ದೊಡ್ಡಪ್ಪನ ಮಗ ಟೇಕ್ ಬಹಾದುರ್, ಬಾಗ್ಲುಂಗ್ ಬೆಟ್ಟದಿಂದ ಇಲ್ಲಿಗೆ ಬಂದು ಆರು ವರ್ಷವಾಗಿದ್ದ ದಾಯಿ, ಅಂದರೆ ಅಣ್ಣ. ಹೆಸರಿಗೆ ಇಂಡಿಯನ್ ಆದರೂ ಅಡುಗೆಯವರೆಲ್ಲ ಬಾಗ್ಲುಂಗಿನವರೇ ಆಗಿದ್ದ ಒಂದು ಕರಿ ಅಂಗಡಿಯಲ್ಲಿ ಅವನು ನಾನ್ ರೊಟ್ಟಿ ಸುಡುತ್ತಿದ್ದ. ಆರು ವರ್ಷ ಇದ್ದವನಿಗೆ ಎಲ್ಲ ಗೊತ್ತಿರುತ್ತದೆ ಎಂದು ಊರಿನವರು ನಂಬಿದ್ದರು. ಅವನೂ ಅದನ್ನು ಅಲ್ಲಗಳೆಯುವ ಗೋಜಿಗೆ ಹೋಗಿರಲಿಲ್ಲ.

"ನೋಡು ಕಾಂಛಿ," ಎನ್ನುತ್ತಿದ್ದ, ಮನೆಯಲ್ಲಿ ಕಿರಿಯವಳಾದ್ದರಿಂದ ಅವಳನ್ನು ಹಾಗೇ ಕರೆಯುತ್ತಿದ್ದ, "ಈ ಜನ ಮುಖದ ಮೇಲೆ ಏನೂ ಅನ್ನಲ್ಲ. ನಗ್ತಾರೆ, ಬಗ್ತಾರೆ, ಆಮೇಲೆ ಫೋನ್ ಎತ್ತಿ ಹೇಳಬೇಕಾದವರಿಗೆ ಹೇಳ್ತಾರೆ. ನೀನು ಯಾವ ಕಾಗದಕ್ಕೂ ಮುದ್ರೆ ಒತ್ತಬೇಡ. ಇಲ್ಲಿ ಸಹಿ ಅಂದ್ರೆ ಆ ಹೆಸರಿನ ಮುದ್ರೆನೇ. ತಿಳೀತಾ?"

ಮೊದಲನೇ ಚೀಲ ಬಂದದ್ದು ಅಕ್ಟೋಬರ್ ಕೊನೆಯಲ್ಲಿ. ಕಾರ್ಖಾನೆಯಿಂದ ಬಂದು ನೋಡಿದರೆ ಬಾಗಿಲ ಹಿಡಿಗೆ ಒಂದು ಪ್ಲಾಸ್ಟಿಕ್ ಚೀಲ ತೂಗುತ್ತಿತ್ತು, ಒಳಗೆ ಕಿತ್ತಳೆ ಬಣ್ಣದ ನಾಲ್ಕು ಕಾಕಿ ಹಣ್ಣು. ಚೀಟಿಯಿಲ್ಲ, ಹೆಸರಿಲ್ಲ. ಅವಳ ಬೆಟ್ಟದಲ್ಲಿ ಯಾರೂ ಕಾಣದ ಹೊತ್ತಲ್ಲಿ ಬಾಗಿಲಿಗೆ ತಿನ್ನುವ ಪದಾರ್ಥ ಇಟ್ಟು ಹೋದರೆ ಅದನ್ನು ಮಕ್ಕಳೂ ಮುಟ್ಟುವುದಿಲ್ಲ. ಮಾಟ ಮಾಡುವವರು ಇಡುವುದೇ ಹಾಗೆ. ಮಣಿಸರಾ ಕಡ್ಡಿಯಿಂದ ಚೀಲ ಎತ್ತಿ ಕಸಕ್ಕೆ ಹಾಕಿದಳು. ವಾರ ಬಿಟ್ಟು ಬೇಯಿಸಿದ ಗೆಣಸು ಬಂತು, ಅದೂ ಕಸಕ್ಕೆ ಹೋಯಿತು. ಮೂರನೆಯದನ್ನು ಕಂಡಾಗ ಮಾತ್ರ ಅವಳು ಹೊಸ್ತಿಲಿನಿಂದ ಹಿಂದೆ ಸರಿದಳು. ಪುಟ್ಟ ಡಬ್ಬಿಯಲ್ಲಿ ಕೆಂಪು ಅನ್ನ, ಮೇಲೆ ಕರಿ ಎಳ್ಳು. ಕೆಂಪು ಅನ್ನಕ್ಕೆ ಕರಿ ಎಳ್ಳು ಉದುರಿಸಿ ಬಾಗಿಲಿಗೆ ಇಡುವವಳ ಉದ್ದೇಶವನ್ನು ಬೆಟ್ಟದ ಹುಡುಗಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೂರು ಸಲ ಉಗಿದು, ಅದನ್ನೂ ಕಸದ ಚೀಲಕ್ಕೆ ಸುರಿದು, ಹೊಸ್ತಿಲಿಗೆ ಉಪ್ಪುನೀರು ಚಿಮುಕಿಸಿದಳು. ಅಲ್ಲಿಯ ಕಸದ ಚೀಲ ಒಳಗಿರುವುದೆಲ್ಲ ಕಾಣುವಷ್ಟು ತೆಳುವೆಂಬುದು ಆಗ ಅವಳಿಗೆ ನೆನಪಾಗಲಿಲ್ಲ.

ನವೆಂಬರ್ ಎರಡನೇ ವಾರ, ಒಂದು ಶುಕ್ರವಾರ, ಅದೇ ಬಾಗಿಲ ಹಿಡಿಗೆ ಬಟ್ಟೆಯ ಚೀಲವೊಂದು ತೂಗುತ್ತಿತ್ತು. ಕಡ್ಡಿಯಿಂದ ತಿವಿದು ನೋಡಿದಳು, ಗಟ್ಟಿಯಾಗಿತ್ತು. ತಿನ್ನುವ ವಸ್ತುವಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ತಂದು ತೆರೆದಳು. ಕ್ಲಿಪ್ಪು ಹಾಕಿದ ಒಂದು ಹಲಗೆ. ಅದರಲ್ಲಿ ಕೈಬರಹದ ಒಂದು ಹಾಳೆ. ಅದರ ಕೆಳಗೆ ಒಂಬತ್ತು ಚೌಕ, ಓಣಿಯ ಒಂಬತ್ತು ಮನೆಗೆ ಒಂದೊಂದು. ಏಳು ಚೌಕದಲ್ಲಿ ಕೆಂಪು ಶಾಯಿಯ ಮುದ್ರೆ ಬಿದ್ದಿತ್ತು, ಕೆಲವು ಮುದ್ರೆಗಳ ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ ಏನೋ ಗೀಚಿತ್ತು. ಎಂಟು ಮತ್ತು ಒಂಬತ್ತು ಖಾಲಿ. ಎಂಟು ಅವಳದು, ಒಂಬತ್ತು ಮೂಲೆಮನೆಯ ನಿವಾ ಅಜ್ಜನದು.

ಮುದ್ರಿಸಿದ ಅಕ್ಷರವಾದರೆ ಅವಳಿಗೆ ಇನ್ನೂರು ಗುರುತು ಸಿಗುತ್ತಿತ್ತು. ಇದು ಕುಂಚದಲ್ಲಿ ಹರಿಸಿ ಬರೆದ ಹಳೇ ಕಾಲದ ಬರಹ, ಹುಲ್ಲು ಗಾಳಿಗೆ ಬಿದ್ದ ಹಾಗೆ. ಆದರೆ ಹಾಳೆಯ ಮೊದಲ ಸಾಲಿನಲ್ಲೇ, ಪರದೇಶದ ಹೆಸರುಗಳಿಗೆಂದೇ ಇರುವ ಬಿಡಿ ಅಕ್ಷರದಲ್ಲಿ, ಮಗುವೂ ಓದುವಂತೆ ಒಂದು ಹೆಸರಿತ್ತು: ಪುನ್ ಮಣಿಸರಾ.

ತನ್ನ ಹೆಸರು. ಅದರ ಕೆಳಗೆ ಓಣಿಯವರ ಮುದ್ರೆಗಳು. ಇದು ಮುಚ್ಚಳಿಕೆ!

ಇಂಥ ಒಂದು ಕಾಗದವನ್ನು ಅವಳು ಎಂಟು ವರ್ಷದವಳಿದ್ದಾಗ ಕಣ್ಣಾರೆ ಕಂಡಿದ್ದಳು. ಅಮ್ಮನ ತಂಗಿ ಧನಸರಾ ಚಿಕ್ಕಮ್ಮ ಗಂಡ ಸತ್ತ ಮೇಲೆ ಅವರ ಊರು ಸಿಮ್ಲೇಧಾರಾದಲ್ಲೇ ಇದ್ದಳು. ಆ ವರ್ಷ ಊರಿನ ಮೂರು ಮನೆಯ ಎಮ್ಮೆ ಹಾಲು ಬತ್ತಿಸಿಕೊಂಡವು, ಒಂದು ಮಗು ಸತ್ತಿತು. ಇವಳ ಕಣ್ಣು ಸರಿಯಿಲ್ಲ ಎಂದು ಯಾರೋ ಬಾಯಿ ಬಿಟ್ಟರು. ಹಿರಿಯರು ಅರಳಿಕಟ್ಟೆಯಲ್ಲಿ ಕೂತು ಅವಳನ್ನು ಊರು ಬಿಡಿಸಬೇಕೆಂದು ಕಾಗದ ಬರೆಸಿದರು, ಮನೆಗೊಬ್ಬರಂತೆ ಬಂದು ಹೆಬ್ಬೆಟ್ಟು ಒತ್ತಿದರು. ಇಪ್ಪತ್ತಮೂರು ಹೆಬ್ಬೆಟ್ಟು. ಅದರಲ್ಲಿ ಒಂದು ಮಣಿಸರಾಳ ಅಮ್ಮನದು. ಒತ್ತದಿದ್ದರೆ ನಿಮ್ಮನ್ನೂ ಸೇರಿಸಿ ಬರೆಯುತ್ತೇವೆ ಎಂದಿದ್ದರಂತೆ. ಚಿಕ್ಕಮ್ಮ ಮರುದಿನವೇ ಒಂದು ಗಂಟು ಹೊತ್ತು ಕೆಳಗಿನ ಬುಟ್ವಲ್ ಪಟ್ಟಣಕ್ಕೆ ಇಳಿದುಹೋದಳು. ಅಮ್ಮ ಆ ಶಾಯಿಯನ್ನು ಬೂದಿ ಹಾಕಿ ಉಜ್ಜಿದಳು, ಹೆಬ್ಬೆರಳಿನ ಚರ್ಮ ಸುಲಿದು ರಕ್ತ ಬಂತು. ಆಮೇಲೆ ಆ ಮನೆಯಲ್ಲಿ ಧನಸರಾ ಎಂಬ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಮನೆತನದಲ್ಲಿ ಚಿಕ್ಕಮ್ಮನಿಗೆ ಈಗಲೂ ಫೋನ್ ಮಾಡುವವನು ಟೇಕ್ ದಾಯಿ ಒಬ್ಬನೇ. ಅವನ ಎಷ್ಟೋ ಸುಳ್ಳು ಜಂಬವನ್ನು ಮಣಿಸರಾ ಈ ಒಂದು ಕಾರಣಕ್ಕೆ ಸಹಿಸಿಕೊಂಡಿದ್ದಳು.

ಅವಳು ಮೊದಲು ಮಾಡಿದ್ದು ಫೋನಿನ ಕ್ಯಾಮೆರಾವನ್ನು ಹಾಳೆಯ ಮೇಲೆ ಹಿಡಿದದ್ದು. ಆ ಕೈಬರಹದ ಮುಂದೆ ಫೋನೂ ತಿಣುಕಾಡಿ, ಹರಕು ಹರಕಾಗಿ ಕೆಲವು ಶಬ್ದ ಕೊಟ್ಟಿತು: ಎಂಟನೇ ಮನೆ, ನಾಲ್ಕು ಗಂಟೆ, ಬಾಗಿಲು, ಹೆದರಿಕೆ, ಕಸ, ತಿಳಿಸಿ. ಇನ್ನೇನು ಬೇಕು? ಹಲಗೆಯನ್ನು ಹೆಗಲಚೀಲಕ್ಕೆ ತುರುಕಿ ಅಂಗಡಿಗೆ ಸೈಕಲ್ ಹೊಡೆದಳು.

ಮಧ್ಯಾಹ್ನದ ಗಿರಾಕಿಗಳು ಹೋಗಿದ್ದರು. ಟೇಕ್ ದಾಯಿ ಒಲೆಯ ಪಕ್ಕ ನಿಂತು ಹಲಗೆಯನ್ನು ಹತ್ತಿರ ಹಿಡಿದ, ದೂರ ಹಿಡಿದ, ಬೆಳಕಿಗೆ ಹಿಡಿದ.

"ಓದು ದಾಯಿ. ಏನು ಬರೆದಿದ್ದಾರೆ?"

"ತಾಳು ಮಾರಾಯ್ತಿ, ಓದ್ತಿದೀನಿ." ಅವನ ತುಟಿ ಮಾತ್ರ ಅಲ್ಲಾಡುತ್ತಿತ್ತು. ಆರು ವರ್ಷದಲ್ಲಿ ಅವನು ಓದಲು ಕಲಿತದ್ದು ರೈಲು ನಿಲ್ದಾಣಗಳ ಹೆಸರು ಮತ್ತು ಕೋಳಿ, ಕುರಿ, ಸೀಗಡಿ. ಅದನ್ನು ಕಿರಿಯ ತಂಗಿಯ ಎದುರು ಒಪ್ಪಿಕೊಳ್ಳುವುದಕ್ಕಿಂತ ತಂದೂರಿ ಒಲೆಯೊಳಗೆ ತಲೆ ಇಡುವುದು ಅವನಿಗೆ ಸುಲಭವಿತ್ತು. "ಹೂಂ. ಇದು ಭಾರೀ ಭಾಷೆ. ಕೋರ್ಟು ಕಚೇರಿ ಭಾಷೆ."

"ನನ್ನ ಓಡಿಸೋಕೇ ತಾನೆ?"

"ಸ್ಪಷ್ಟವಾಗಿ ಹಾಗೆ ಬರೆದಿಲ್ಲ. ಈ ಜನ ಬರೆಯೋದೂ ಇಲ್ಲ. ಆದ್ರೆ..." ಅವನು ಖಾಲಿ ಚೌಕಗಳ ಮೇಲೆ ಬೆರಳಿಟ್ಟ. "ಇನ್ನೂ ಪೂರ್ತಿ ಆಗಿಲ್ಲ, ನೋಡು. ನಿನ್ನದು ಒಂದು, ಈ ಕೊನೇ ಮನೇದು ಒಂದು. ನೀನು ಒತ್ತಬೇಡ. ವಾಪಸ್ ಕೊಡಲೂ ಬೇಡ. ಕೊನೇಯವನು ಒತ್ತದೇ ಇದ್ರೆ ಈ ಕಾಗದಕ್ಕೆ ಕಿಮ್ಮತ್ತಿಲ್ಲ."

"ಕೊನೇಯವನು ಆ ನಿವಾ ಮುದುಕ. ಗೇಟಿಗೆ ಕ್ಯಾಮೆರಾ ಹಾಕ್ಕೊಂಡಿದ್ದಾನೆ."

"ಮುದುಕನಾ, ಒಳ್ಳೇದೇ ಆಯ್ತು. ಏನಾದ್ರೂ ಸಿಹಿ ಮಾಡ್ಕೊಂಡು ಹೋಗಿ ಕೈ ಮುಗಿ. ಮುದುಕರ ಮನಸ್ಸು ಬೇಗ ಕರಗುತ್ತೆ." ಇಷ್ಟು ಹೇಳಿ ಅವನು ತಾನೊಂದು ದೊಡ್ಡ ಮೊಕದ್ದಮೆ ಗೆದ್ದವನಂತೆ ಹಿಟ್ಟು ನಾದಲು ಹೋದ.

ಮಣಿಸರಾ ಹಲಗೆಯನ್ನು ಅಕ್ಕಿಚೀಲದ ತಳಕ್ಕೆ ಇಳಿಸಿ ಮೇಲೆ ಅಕ್ಕಿ ಮುಚ್ಚಿದಳು. ಓಣಿಯಲ್ಲಿ ನಾಲ್ಕನೇ ದಿನದಿಂದ ಹುಡುಕಾಟ ಶುರುವಾಯಿತು. ಅವಳು ಪರದೆಯ ಹಿಂದಿನಿಂದ ನೋಡುತ್ತಿದ್ದಳು: ಹಾಚಿಯಾ ಅಜ್ಜಿ ಮನೆಮನೆಯ ಗಂಟೆ ಒತ್ತಿ ಕೇಳುತ್ತಿದ್ದಳು, ಏಳನೇ ಮನೆಯವಳು ಎಂಟನೇ ಮನೆಯತ್ತ ಕೈ ತೋರಿಸುತ್ತಿದ್ದಳು. ಅಜ್ಜಿ ಬಂದು ಬಾಗಿಲು ಬಡಿದಳು. "ಪುನ್ ಸಾನ್! ಪುನ್ ಸಾನ್!" ಮಣಿಸರಾ ಉಸಿರು ಬಿಗಿಹಿಡಿದು ಅಕ್ಕಿಚೀಲದ ಮೇಲೆ ಕೂತಳು. ದೀಪ ಉರಿಯುತ್ತಿತ್ತು, ಚಪ್ಪಲಿ ಹೊರಗಿತ್ತು. ಒಳಗೆ ಇದ್ದೂ ಇಲ್ಲದ ಹಾಗೆ ನಟಿಸುತ್ತಿದ್ದಾಳೆಂದು ಯಾರಿಗಾದರೂ ಗೊತ್ತಾಗುವಂತಿತ್ತು. ಅಜ್ಜಿ ಮೂರು ದಿನ ಬಂದಳು. ಮೂರನೇ ದಿನ ಬಾಗಿಲಿನಾಚೆ ಬಹಳ ಹೊತ್ತು ಸುಮ್ಮನೆ ನಿಂತು ಹೋದಳು.

ಒಂಬತ್ತನೇ ದಿನ, ಭಾನುವಾರ, ಮಣಿಸರಾ ಗಟ್ಟಿ ಮನಸ್ಸು ಮಾಡಿದಳು. ನೆನೆಸಿದ ಅಕ್ಕಿ ರುಬ್ಬಿ, ಬಾಳೆಹಣ್ಣು, ಸಕ್ಕರೆ, ತುಪ್ಪ ಸೇರಿಸಿ ಕಲಸಿ, ಕಾದ ಎಣ್ಣೆಗೆ ಉಂಗುರದಂತೆ ಸುರಿದು ಸೇಲ್ ರೊಟಿ ಕರಿದಳು. ಬಾಳೆಹಣ್ಣು ಹಾಕುವುದನ್ನು ಕಲಿಸಿದ್ದು ಧನಸರಾ ಚಿಕ್ಕಮ್ಮ. ತಿಹಾರ್ ಹಬ್ಬಕ್ಕೂ ಮಾಡಿಕೊಳ್ಳದಿದ್ದವಳು ಈಗ ಒಬ್ಬ ಅಪರಿಚಿತ ಮುದುಕನಿಗಾಗಿ ಮಾಡಿದಳು. ಎಂಟು ರೊಟ್ಟಿ ತಟ್ಟೆಯಲ್ಲಿಟ್ಟು, ಬಟ್ಟೆ ಮುಚ್ಚಿ, ಮೂಲೆಮನೆಗೆ ಹೋದಳು.

ನಿವಾ ಅಜ್ಜ ಹೆಂಡತಿ ಇಲ್ಲದ ಒಂಟಿ, ಒಂದು ಕಾಲದಲ್ಲಿ ಬಸ್ಸು ಓಡಿಸುತ್ತಿದ್ದವನು. ಹೋದ ವರ್ಷ ಯಾವನೋ ಫೋನಿನಲ್ಲಿ ಮಗನ ದನಿ ಮಾಡಿ ಅಳುತ್ತ ಅವನಿಗೆ ದೊಡ್ಡ ಮೋಸ ಮಾಡಿದ್ದ. ಅಂದಿನಿಂದ ಅವನು ಗೇಟಿಗೆ ಕ್ಯಾಮೆರಾ ಹಾಕಿಸಿ, ನಿಜವಾದ ಮಗ ಫೋನ್ ಮಾಡಿದರೂ ತಾಯಿ ಹುಟ್ಟಿದ ಊರು ಯಾವುದೆಂದು ಕೇಳಿಯೇ ಮಾತಾಡುತ್ತಿದ್ದ. ಇದೊಂದೂ ಮಣಿಸರಾಳಿಗೆ ಗೊತ್ತಿರಲಿಲ್ಲ. ಅವಳು ಗೇಟಿನ ಎದುರು ನಿಂತು ತಟ್ಟೆ ಚಾಚಿದಳು.

"ಯಾರು ನೀನು?" ಅಜ್ಜ ಸೇವಂತಿಗೆ ಕುಂಡಗಳ ನಡುವಿನಿಂದ ಕೇಳಿದ.

"ಎಂಟನೇ ಮನೆ. ಪುನ್. ಇದು, ದಯವಿಟ್ಟು, ತಿನ್ನಿ."

"ನಾನು ಏನೂ ತರಿಸಿಲ್ಲ."

"ತರಿಸಿಲ್ಲ, ಹೌದು. ನಾನು ಮಾಡಿದೆ. ನೀವು ತಿನ್ನಿ. ಆಮೇಲೆ..." ರಾತ್ರಿಯೆಲ್ಲ ಉರು ಹೊಡೆದ ವಾಕ್ಯದಲ್ಲಿ ಎರಡೇ ಶಬ್ದ ನೆನಪಿಗೆ ಬಂದವು. "ಮುದ್ರೆ. ನಿಮ್ಮ ಮುದ್ರೆ."

ಅಜ್ಜನ ಕೈಯ ಕತ್ತರಿ ನಿಂತಿತು. "ನನ್ನ ಮುದ್ರೆ?"

"ಒತ್ತಬೇಡಿ. ಕಾಗದ ನನ್ನ ಹತ್ತಿರ ಇದೆ. ನೀವು ಒತ್ತಬೇಡಿ, ದಯವಿಟ್ಟು."

"ನನ್ನ ಮುದ್ರೆ ಸುದ್ದಿ ನಿನಗ್ಯಾಕೆ? ಯಾವ ಕಾಗದ? ಯಾರು ಕಳಿಸಿದ್ದು ನಿನ್ನ?"

"ಅಣ್ಣ," ಎಂದುಬಿಟ್ಟಳು ಮಣಿಸರಾ. ಹೇಳಿದ ಮೇಲೆ ಹೇಳಬಾರದಿತ್ತೆಂದು ಅನಿಸಿತು, ಅಷ್ಟರಲ್ಲಿ ಅಜ್ಜ ಒಳಗೆ ಹೋಗಿ ಚಿಲಕ ಹಾಕಿಕೊಂಡಿದ್ದ. ಅವಳು ತಟ್ಟೆಯನ್ನು ಗೇಟಿನ ಕಂಬದ ಮೇಲೆ ಬಿಟ್ಟು ಮನೆಗೆ ಓಡಿ ಟೇಕ್ ದಾಯಿಗೆ ಫೋನು ಮಾಡಿದಳು.

ಕಾಲು ಗಂಟೆಯೊಳಗೆ ಪೊಲೀಸ್ ಸೈಕಲ್ಲು ಎಂಟನೇ ಮನೆಯ ಮುಂದೆ ನಿಂತಿತು. ಎಳೇ ಮುಖದ ಪೊಲೀಸನವನು, ಟೋಪಿ ತೆಗೆದು ಬಗ್ಗಿ, "ಗುರುತಿನ ಕಾರ್ಡು ತೋರಿಸ್ತೀರಾ?" ಎಂದ. ಮಣಿಸರಾ ಕಾರ್ಡು ಕೊಟ್ಟಳು. ಕಾರ್ಡಿನಲ್ಲಿ ಜನವರಿಯ ತಾರೀಖು ಇತ್ತು; ಅವನ ಬೆರಳು ಸರಿಯಾಗಿ ಅದರ ಮೇಲೇ ನಿಂತಿತು. ಅವಳಿಗೆ ಎಲ್ಲ ಮುಗಿಯಿತೆನಿಸಿತು. ಶಾಲೆಗೆ ಫೋನು ಹೋಗುತ್ತದೆ, ಪತ್ರ ಸಿಗುವುದಿಲ್ಲ, ಚಿಕ್ಕಮ್ಮ ಗಂಟು ಹೊತ್ತ ಹಾಗೆ ತಾನೂ ಹೊರಡಬೇಕು. ಎದುರಿನಿಂದ ಹಾಚಿಯಾ ಅಜ್ಜಿ ಪೊರಕೆ ಸಮೇತ ಬಂದಳು. ನಿವಾ ಅಜ್ಜ ಹತ್ತು ಹೆಜ್ಜೆ ದೂರದಲ್ಲಿ ನಿಂತು, "ಅವಳೇ, ಅವಳೇ, ಹಿಂದೆ ಒಬ್ಬ ಅಣ್ಣ ಬೇರೆ ಇದ್ದಾನೆ," ಎನ್ನುತ್ತಿದ್ದ.

ಆ ಅಣ್ಣ ಫೋನು ಕೇಳಿದ್ದೇ ಏಪ್ರನ್ ಬಿಚ್ಚದೆ, ಮಸಾಲೆ ವಾಸನೆ ಹೊತ್ತು ಬಂದಿಳಿದ. ನಿವಾ ಅಜ್ಜ ಇನ್ನೂ ಎರಡು ಹೆಜ್ಜೆ ಹಿಂದೆ ಸರಿದ.

"ಮುದ್ರೆ ಅಂದ್ರೆ ಯಾವ ಮುದ್ರೆ? ಯಾವ ಕಾಗದ?" ಪೊಲೀಸು ಕೇಳಿದ.

ಇನ್ನು ಮುಚ್ಚಿಟ್ಟು ಫಲವಿಲ್ಲ. ಮಣಿಸರಾ ಒಳಗೆ ಹೋಗಿ ಅಕ್ಕಿಚೀಲಕ್ಕೆ ಭುಜದವರೆಗೆ ಕೈ ಇಳಿಸಿದಳು. ಅಕ್ಕಿ ಉದುರಿಸುತ್ತ ಹಲಗೆ ಹೊರಗೆ ಬಂದಾಗ ಹಾಚಿಯಾ ಅಜ್ಜಿ ಪೊರಕೆ ಬಿಟ್ಟು ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ! ಓಣಿ ಹಲಗೆ!"

"ಇದು ನನ್ನ ಮೇಲೆ ಬರೆದ ಕಾಗದ," ಎಂದಳು ಮಣಿಸರಾ. ಅಳು ಬಂದುಬಿಟ್ಟಿತ್ತು, ಕೋಪವೂ ಬಂದಿತ್ತು. "ಎಲ್ಲರೂ ಒತ್ತಿದ್ದಾರೆ. ನಾನು ಏನು ಮಾಡಿದೆ? ಬಾಗಿಲು ಸದ್ದು ಮಾಡುತ್ತೆ, ಅದು ಬಾಗಿಲಿನ ತಪ್ಪು!"

ಪೊಲೀಸು ಹಲಗೆಯನ್ನು ತೆಗೆದುಕೊಂಡು ಒಮ್ಮೆ ಮನಸ್ಸಿನಲ್ಲೇ ಓದಿದ. ಅವನ ಮುಖ ಬದಲಾಯಿತು. ಆಮೇಲೆ ಚಿಕ್ಕ ಮಕ್ಕಳಿಗೆ ಓದಿ ಹೇಳುವಂತೆ, ಸುಲಭದ ಮಾತಿನಲ್ಲಿ, ನಿಧಾನವಾಗಿ ಓದಿದ.

"ಎಂಟನೇ ಮನೆಗೆ ಪುನ್ ಮಣಿಸರಾ ಎಂಬ ಹುಡುಗಿ ಬಂದಿದ್ದಾಳೆ. ಬೆಳಿಗ್ಗೆ ನಾಲ್ಕು ಗಂಟೆಗೆ ಬಾಗಿಲ ಸದ್ದಾದರೆ ಹೆದರಬೇಡಿ, ಅದು ಅವಳು ಕೆಲಸಕ್ಕೆ ಹೊರಡುವ ಹೊತ್ತು. ಅವಳ ಸೈಕಲ್ಲಿನ ದೀಪ ಮಂಕಾಗಿದೆ, ಎದುರಾದರೆ ನೀವೇ ಬದಿಗೆ ಸರಿಯಿರಿ. ಮೂರು ಸಲ ತಿನ್ನಲು ಕೊಟ್ಟೆ. ಮೂರು ಸಲವೂ ಕಸದ ಚೀಲದಲ್ಲಿ ಕಂಡೆ. ಅವರಲ್ಲಿ ಇಂಥದ್ದು ತಿನ್ನಬಾರದೆಂಬ ಕಟ್ಟಳೆ ಇರಬಹುದು. ಕೇಳಿದರೆ ಹೌದು ಹೌದು ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ. ಬಂದಾಗ ಇದ್ದದ್ದಕ್ಕಿಂತ ತೆಳ್ಳಗಾಗಿದ್ದಾಳೆ. ಅವಳು ಏನು ತಿನ್ನುತ್ತಾಳೆಂದು ಬಲ್ಲವರು ಮುದ್ರೆಯ ಪಕ್ಕದಲ್ಲಿ ಬರೆದು ತಿಳಿಸಿ. ಈ ವರ್ಷದ ಓಣಿ ಮುಖ್ಯಸ್ಥೆ, ಹಾಚಿಯಾ."

ಪೊಲೀಸು ಮುದ್ರೆಗಳ ಪಕ್ಕದ ಗೀಚುಗಳನ್ನೂ ಓದಿದ. ಎರಡನೇ ಮನೆ: 'ದನದ ಮಾಂಸ ಬೇಡವೇನೋ.' ನಾಲ್ಕನೇ ಮನೆ: 'ಖಾರ?' ಐದನೇ ಮನೆ: 'ಗೊತ್ತಿಲ್ಲ. ನಮ್ಮ ಮೊಮ್ಮಗನೂ ಏನೂ ತಿನ್ನುವುದಿಲ್ಲ.' ಏಳನೇ ಮನೆ: 'ಎಂಟನೇ ಮನೆಯವರನ್ನೇ ಕೇಳಿ.'

"ಮುದ್ರೆ ಅಂದ್ರೆ ಓದಿದೆ ಅಂತ ಅಷ್ಟೇ," ಎಂದ ಪೊಲೀಸು. "ಓದಿ, ಒತ್ತಿ, ಪಕ್ಕದ ಮನೆಗೆ ದಾಟಿಸೋದು."

ಮಣಿಸರಾ ನಿಧಾನವಾಗಿ ಟೇಕ್ ದಾಯಿಯ ಕಡೆ ತಿರುಗಿದಳು. ಅವನು ಏಪ್ರನ್ನಿನ ದಾರ ಕಟ್ಟುತ್ತ ಬಿಚ್ಚುತ್ತ ನಿಂತಿದ್ದ.

"ಕೋರ್ಟು ಕಚೇರಿ ಭಾಷೆ, ಹೌದಾ ದಾಯಿ?"

"ಕೈಬರಹ ಕಾಂಛಿ... ಕೈಬರಹ ಚೆನ್ನಾಗಿರ್ಲಿಲ್ಲ."

"ಒಂದಕ್ಷರ ಬರಲ್ಲ ಅಂತ ಹೇಳಿದ್ರೆ ನಿನ್ನ ಗಂಟು ಏನು ಹೋಗ್ತಿತ್ತು? ಒಂಬತ್ತು ದಿನ ನಾನು ಅನ್ನ ನುಂಗಿಲ್ಲ!"

ಅಷ್ಟಾದರೂ ಅವಳ ಅನುಮಾನ ಪೂರ್ತಿ ಇಳಿಯಲಿಲ್ಲ. ಪೊಲೀಸನೂ ಅವರವನೇ ಅಲ್ಲವೇ? ಅವಳು ಹಾಳೆಯ ಚಿತ್ರ ತೆಗೆದು ಶಾಲೆಯ ಮೇಡಂಗೆ ಕಳಿಸಿ, ಎಲ್ಲರನ್ನೂ ಓಣಿಯಲ್ಲೇ ನಿಲ್ಲಿಸಿಕೊಂಡು ಉತ್ತರಕ್ಕೆ ಕಾದಳು. ಪೊಲೀಸೂ ಕಾದ. ಮೇಡಂ ಫೋನಿನಲ್ಲೇ ಓದಿ ಹೇಳಿದಳು, ಅದೇ ಮಾತು, ಅದೇ ಕ್ರಮ. ಕೊನೆಗೆ, "ಪುನ್ ಸಾನ್, ನೀವು ಸರಿಯಾಗಿ ಊಟ ಮಾಡ್ತಿಲ್ವಾ?" ಎಂದು ಕೇಳಿದಳು.

ಹಾಚಿಯಾ ಅಜ್ಜಿ ಬಗ್ಗಲಿಲ್ಲ, ನಗಲೂ ಇಲ್ಲ. ಮೊದಲ ಸಲ ಮುಖ ಗಂಟಿಕ್ಕಿಕೊಂಡು, ಬಿಡಿಸಿ ಬಿಡಿಸಿ ಮಾತಾಡಿದಳು. "ನಾನೂ ನಿನ್ನ ನಂಬಿರ್ಲಿಲ್ಲ ಕಣೇ. ನಿನಗಿಂತ ಮುಂಚೆ ಇದ್ದ ಹುಡುಗ ಒಲೆ ಉರೀತಾ ಇದ್ದ ಹಾಗೇ ಬಿಟ್ಟು ಹೋಗಿದ್ದ. ಓಣಿ ಪೂರ್ತಿ ಮರದ ಮನೆ. ಅದಕ್ಕೇ ದಿನಾ ನಾಲ್ಕಕ್ಕೆ ಎದ್ದು ನೀನು ದೀಪ ಆರಿಸಿದ್ಯಾ, ಒಲೆ ಆರಿಸಿದ್ಯಾ ಅಂತ ನೋಡ್ತೀನಿ. ನಾಳೆನೂ ನೋಡ್ತೀನಿ. ಅದು ಬೇರೆ ವಿಷಯ. ಆದ್ರೆ ನನ್ನ ಕೆಂಪು ಅನ್ನ ಯಾಕೆ ಬಿಸಾಕಿದೆ? ನಮ್ಮಲ್ಲಿ ಶುಭಕ್ಕೆ ಮಾಡೋದು ಅದನ್ನ."

ಮಣಿಸರಾಳಿಗೆ ತಿಳಿದಿದ್ದ ಜಪಾನಿಯಲ್ಲಿ ಮಾಟಕ್ಕೆ ಶಬ್ದವಿರಲಿಲ್ಲ. ಇಲ್ಲದಿದ್ದದ್ದೇ ಒಳ್ಳೆಯದಾಯಿತು. "ನಮ್ಮ ಊರಲ್ಲಿ," ಎಂದಳು, "ತಿನ್ನೋದು ಕೊಡೋರು ಬಾಗಿಲು ತಟ್ಟಿ ಕೈಗೆ ಕೊಡ್ತಾರೆ. ಇಟ್ಟು ಹೋಗಲ್ಲ."

"ನಮ್ಮಲ್ಲಿ ತಟ್ಟಿದ್ರೆ ತೊಂದರೆ ಕೊಟ್ಟ ಹಾಗೆ," ಎಂದಳು ಅಜ್ಜಿ. ಇಬ್ಬರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ಪರದೆಯಿಲ್ಲದೆ ನೋಡಿದರು.

ಮಣಿಸರಾ ಒಳಗಿನಿಂದ ತನ್ನ ಮರದ ಮುದ್ರೆ ತಂದಳು. ಕಠ್ಮಂಡುವಿನಲ್ಲಿ ಹೊರಡುವಾಗ ಮಾಡಿಸಿಕೊಂಡದ್ದು, ವರ್ಷವಾದರೂ ಶಾಯಿ ಕಂಡಿರಲಿಲ್ಲ. ಎಂಟನೇ ಚೌಕದಲ್ಲಿ ಒತ್ತಿ ತನ್ನ ಹೆಬ್ಬೆರಳನ್ನು ನೋಡಿಕೊಂಡಳು, ಶಾಯಿ ಅಂಟಿರಲಿಲ್ಲ. ಆಮೇಲೆ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿವಾ ಅಜ್ಜನಿಗೆ ಕೊಟ್ಟಳು. ಅಜ್ಜ ಅಲ್ಲಿ ಒತ್ತಲಿಲ್ಲ. "ನಾನು ಓದದೇ ಒತ್ತೋನಲ್ಲ," ಎಂದು ಬಗಲಲ್ಲಿಟ್ಟುಕೊಂಡು ಹೋದ.

ಮರುದಿನ ಕೆಲಸದಿಂದ ಬಂದಾಗ ಬಾಗಿಲ ಮುಂದೆ ಅಜ್ಜಿ ಹಲಗೆ ಹಿಡಿದು ನಿಂತಿದ್ದಳು. ಈ ಸಲ ಇಟ್ಟು ಹೋಗದೆ ಕೈಗೇ ಕೊಡಬೇಕೆಂದು ಕಾಯುತ್ತಿದ್ದಳೋ ಏನೋ. ಒಂಬತ್ತನೇ ಚೌಕದಲ್ಲಿ ಮುದ್ರೆ ಬಿದ್ದಿತ್ತು, ಪಕ್ಕದಲ್ಲಿ ಬಸ್ಸಿನ ಚಾಲಕನ ದಪ್ಪ ಅಕ್ಷರ. ಅಜ್ಜಿ ಓದಿ ಹೇಳಿದಳು: "ಅಕ್ಕಿಯ ಉಂಗುರ ತಿನ್ನುತ್ತಾಳೆ. ಬಾಳೆಹಣ್ಣು ಹಾಕಿದೆ. ಎಣ್ಣೆ ಜಾಸ್ತಿ."

"ಎಂಟೂ ತಿಂದು ಮುಗಿಸಿದ್ದಾನೆ ಮುದುಕ," ಎಂದು ಅಜ್ಜಿ ಗೊಣಗಿದಳು. "ನನಗೆ ಒಂದೂ ಉಳಿಸಿಲ್ಲ."

ಆ ದಿನ ಸಂಜೆ ಮಣಿಸರಾ ಊರಿಗೆ ಫೋನು ಮಾಡಿದಳು. ಅಮ್ಮ ಒಲೆಯ ಮುಂದೆ ಇದ್ದಳು. ಕಟ್ಟಿಗೆ ಚಟಪಟ ಎನ್ನುವುದು ಕೇಳುತ್ತಿತ್ತು. ನಗುನಗುತ್ತ ಹೇಳಬೇಕೆಂದುಕೊಂಡಿದ್ದಳು, ಆದರೆ ಬಾಯಿಂದ ಬಂದದ್ದು ನೇರ ಮಾತು.

"ಆಮಾ, ಇಲ್ಲಿ ನನ್ನ ಮೇಲೂ ಮುಚ್ಚಳಿಕೆ ಬರೆದಿದ್ರು."

ಅತ್ತ ಕೊಳವೆ ಊದುವ ಸದ್ದು ನಿಂತಿತು. "ಎಷ್ಟು ಮನೆಯೋರು ಒತ್ತಿದ್ರು?"

"ಒಂಬತ್ತು ಮನೆ. ನಾನೂ ಒತ್ತಿದೆ."

"ಏನಂತ ಬರೆದಿದ್ರು?" ಅಮ್ಮನ ದನಿ ಕುಗ್ಗಿತ್ತು.

"ಈ ಹುಡುಗಿ ತೆಳ್ಳಗಾಗಿದ್ದಾಳೆ, ಏನು ತಿಂತಾಳೆ ಅಂತ ಗೊತ್ತಿದ್ದೋರು ಹೇಳಿ, ಅಂತ."

ಫೋನು ಕಡಿದುಹೋಯಿತೇ ಎಂದು ಮಣಿಸರಾ ಎರಡು ಸಲ ನೋಡಿಕೊಂಡಳು. ಮತ್ತೆ ದನಿ ಬಂದಾಗ ಅಮ್ಮ ಅಳುತ್ತಿದ್ದಳು.

"ಧನಸರಾಗೆ ಬಾಳೆಹಣ್ಣು ಹಾಕಿದ ಸೇಲ್ ರೊಟಿ ಅಂದ್ರೆ ಪ್ರಾಣ," ಎಂದಳು. ಹದಿಮೂರು ವರ್ಷದಲ್ಲಿ ಆ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. "ಅವತ್ತು ನಾನು ಅಷ್ಟಾದ್ರೂ ಹೇಳಬಹುದಿತ್ತು. ಹೆಬ್ಬೆಟ್ಟು ಒತ್ತೋಳಿಗೆ ಬರೆಯೋಕೆ ಬರಲ್ಲ, ಸರಿ. ಬಾಯಿ ಇತ್ತಲ್ಲ."

ಎದುರಿನ ಪರದೆ ಎರಡು ಬೆರಳಷ್ಟು ಸರಿದು ಮತ್ತೆ ಮುಚ್ಚಿಕೊಂಡಿತು.

"ಕಾಂಛಿ," ಎಂದಳು ಅಮ್ಮ ಮೂಗು ಒರೆಸಿಕೊಂಡು, "ಅವಳ ಫೋನ್ ನಂಬರು ಟೇಕ್ ಹತ್ರ ಇದೆಯಂತಲ್ಲ. ಕೇಳಿ ನನಗೆ ಕೊಡು."